ಕೋರ್ಟಿನ ಅಂಗಳದಲ್ಲಿ ತುಂಬಿದ ಉಡಿ

ನಾಗರತ್ನಾ ಮನುಷ್ಯರ ಜೊತೆ ಆಡುವ ಮಾತು ಕಡಿಮೆ, ಎಮ್ಮೆಗಳ ಜೊತೆ ಆಡುವುದೇ ಹೆಚ್ಚು. ದೊಡವಾಡದ ಅವಳ ಓಣಿಯಲ್ಲಿ ಬೆಳಗಾಯಿತೆಂದರೆ ಅವಳು ಗೌರಿ ಎಂಬ ಎಮ್ಮೆಯನ್ನು ಬೈಯುವುದು ಕೇಳಬೇಕು. "ಸರದು ನಿಂದರ. ತವರಮನೀಗೆ ಹೊಂಟಾಕಿಗತೆ ಏನ ಗಡಿಬಿಡಿ ನಿಂದು." ಬೈಗುಳ ಎನ್ನಿ, ಜೋಗುಳ ಎನ್ನಿ, ಆ ದನಿ ಕಿವಿಗೆ ಬೀಳದೆ ಗೌರಿ ಹಾಲು ಬಿಡುವುದಿಲ್ಲ. ಬೇರೆಯವರ ಕೈ ಕೆಚ್ಚಲಿಗೆ ತಾಗಿದರೆ ಹಿಂಗಾಲು ಝಾಡಿಸಿ ತಂಬಿಗೆಯನ್ನು ಗೋಡೆಗೆ ಒಗೆಯುತ್ತದೆ.

ನಾಗರತ್ನಾ ಹುಟ್ಟಿದ್ದು ರಾಮದುರ್ಗದ ಕಡೆಯ ಸಾಲಹಳ್ಳಿಯಲ್ಲಿ. ಅಪ್ಪ ಸೋಮಪ್ಪ ಅವಳನ್ನು ದೊಡವಾಡದ ಪರಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ಬಂಗಾರಕ್ಕಿಂತ ಮೊದಲು ಒಂದು ಎಮ್ಮೆಯ ಮಣಕವನ್ನು ಹೊಡೆದುಕೊಂಡು ಬಂದು ಬೀಗರ ಗೋದಲಿಗೆ ಕಟ್ಟಿದ್ದ. "ನನ್ನ ಮಗಳು ನಿಮ್ಮ ಮನ್ಯಾಗ ತನ್ನ ತುತ್ತು ತಾನ ದುಡಕೊಂಡು ತಿಂತಾಳ" ಎಂದಿದ್ದ. ಆ ಮಣಕದ ಮಗಳೇ ಈ ಗೌರಿ. ಸೋಮಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಅವನ ಮಾತು ಮಾತ್ರ ನಿಂತಿದೆ.

ಪರಪ್ಪ ಕುಡಿಯುವವನಲ್ಲ. ಕುಡಿಯುತ್ತಿದ್ದರೆ ಊರವರು ಎಲ್ಲವನ್ನೂ ಶೆರೆಯ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಹೊಲದಲ್ಲಿ ಮೈಮುರಿದು ದುಡಿಯುವ, ಮಂದಿಯೊಂದಿಗೆ ಮೆತ್ತಗೆ ಮಾತಾಡುವ ಗಂಡಸು ಹೊಸ್ತಿಲ ಒಳಗೆ ಕಾಲಿಟ್ಟರೆ ಬೇರೆಯವನಾಗುತ್ತಿದ್ದ. ಪಲ್ಯ ಆರಿತ್ತು ಎಂದು ಒಂದು ಸಲ, ಡೇರಿಯವನೊಂದಿಗೆ ನಕ್ಕಳು ಎಂದು ಇನ್ನೊಂದು ಸಲ, ಹೊಟ್ಟೆಯಲ್ಲಿ ಮಗು ನಿಲ್ಲಲಿಲ್ಲ ಎಂದು ಹಲವು ಸಲ ಕೈ ಎತ್ತಿದ. ಹೊಡೆತ ತಿಂದ ನಾಗರತ್ನಾ ಸಾಲಹಳ್ಳಿಯ ದಾರಿ ಹಿಡಿಯುವಳು. ವಾರ ಕಳೆಯುವಷ್ಟರಲ್ಲಿ ಪರಪ್ಪನ ದೊಡ್ಡಪ್ಪ ಹಣಮಂತಪ್ಪ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಅಲ್ಲಿಗೆ ಬರುವನು. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, "ಹರೇದ ಸಿಟ್ಟು, ಇಳೀತದ" ಎನ್ನುವನು. ಕೊನೆಗೆ ಜೊತೆಗೆ ಬಂದ ಅತ್ತೆ ರಾಮವ್ವ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಬಸದ ಖಣ ಇಟ್ಟು ಸೊಸೆಯ ಉಡಿ ತುಂಬುವಳು. ಉಡಿ ತುಂಬಿ ಕರೆದ ಮೇಲೆ ಹೆಣ್ಣುಮಗಳು ಒಲ್ಲೆ ಎನ್ನುವ ರೂಢಿ ಆ ಸೀಮೆಯಲ್ಲಿಲ್ಲ. ಸೆರಗಿನಲ್ಲಿ ಬಿದ್ದ ಅಕ್ಕಿಯನ್ನು ನೆಲಕ್ಕೆ ಸುರಿಯುವ ಎದೆ ಯಾರಿಗಿದೆ? ಅದರಲ್ಲೂ ಮಕ್ಕಳಾಗದ ನಾಗರತ್ನಾಳಿಗೆ ತುಂಬಿದ ಉಡಿ ಎಂದರೆ ದೇವರು ಕೊಟ್ಟ ಭಾಷೆ. ಅದನ್ನು ಕಟ್ಟಿಕೊಂಡು ಬಸ್ಸು ಹತ್ತುವಳು. ಸಿಟ್ಟು ಇಳಿಯುವುದು, ಮತ್ತೆ ಏರುವುದು.

ಈ ಸಲ ಪರಪ್ಪ ಬಾರುಕೋಲಿನ ಹಿಡಿಕೆಯಿಂದ ಹೊಡೆದ. ಎಡಗೈಯ ಎಲುಬು ಮುರಿಯಿತು. ರಟ್ಟೆ ಹಿಡಿದು ಹೊರಗೆ ದಬ್ಬಿ, "ಸಂತೀಗೆ ಎಮ್ಮಿ ಹೊಡಕೊಂಡು ಹೋಗತೇನಿ. ನೀ ಎಲ್ಲೆರ ಹಾಳಾಗಿ ಹೋಗು. ಮತ್ತ ಈ ಕಡೆ ಬಂದ್ರ ಜೀವಂತ ಉಳಿಯಾಂಗಿಲ್ಲ" ಎಂದು ಬಾಗಿಲು ಹಾಕಿಕೊಂಡ. ಹಾಡುಹಗಲು. ಓಣಿಯ ಮಂದಿ ನೋಡಿ ಒಳಗೆ ಸರಿದರು.

ಸರಿಯದವರು ಪಕ್ಕದ ಮನೆಯ ಭಾಗೀರಥಿಬಾಯಿ. ಊರಿನ ಅರ್ಧ ಮಂದಿಗೆ ಸಾಲೆಯಲ್ಲಿ ಅಕ್ಷರ ಕಲಿಸಿ ನಿವೃತ್ತಿಯಾದ ಮುದುಕಿ. ಬಂದವರೇ ನಾಗರತ್ನಾಳ ಕೈಯನ್ನು ತಮ್ಮ ಹಳೆಯ ಪತ್ತಲದ ತುಂಡಿನಿಂದ ಕೊರಳಿಗೆ ಜೋಲಿ ಕಟ್ಟಿದರು.

"ಎಲ್ಲಿಗೆ ಹೊಂಟಿ ನಾಗೂ? ಸಾಲಹಳ್ಳಿಗೇನು?"

"ಮತ್ತೆಲ್ಲಿಗ್ರಿ ಬಾಯಾರ."

"ಅಲ್ಲಿಗೆ ಹೋದ್ರ ಹಣಮಂತಪ್ಪ ಬರತಾನ, ಚಾ ಕುಡೀತಾನ. ಉಡಿ ಬರತದ. ನಡಿ, ಬೈಲಹೊಂಗಲಕ್ಕ ಹೋಗೂಣು."

"ಕೋರ್ಟಿಗ್ರಿ? ನನಗ ಸೋಡಚೀಟಿ ಬ್ಯಾಡ್ರಿ. ಗಂಡನ್ನ ಬಿಟ್ಟಾಕಿ ಅನ್ನಿಸ್ಕೊಂಡು ಬದುಕಲಾರೆ."

"ಕೋರ್ಟು ಅಂದ್ರ ಬರೇ ಸೋಡಚೀಟಿ ಅಂತ ನಿನಗ ಯಾರ ಹೇಳ್ಯಾರ? ಹೊಡೀಬ್ಯಾಡ ಅಂತ ಹುಕುಂ ಮಾಡೂದೂ ಕೋರ್ಟಿನ ಕೆಲಸನ. ನಡಿ, ಬಸ್ ಬಂತು."

ಬೈಲಹೊಂಗಲದಲ್ಲಿ ಮೊದಲು ಹೋದದ್ದು ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಕಚೇರಿಗೆ. ಮನೆಯೊಳಗೆ ಪೆಟ್ಟು ತಿಂದ ಹೆಣ್ಣುಮಕ್ಕಳಿಗೆ ಸರಕಾರ ನೇಮಿಸಿದ ಸಂರಕ್ಷಣಾಧಿಕಾರಿ ಅಲ್ಲಿಯೇ ಕೂರುತ್ತಾರೆಂದು ನಾಗರತ್ನಾಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅಧಿಕಾರಿಯ ಹೆಸರು ಶೈಲಶ್ರೀ. ಮೊದಲು ನೀರು ಕೊಟ್ಟರು. ಆಮೇಲೆ ಜೀಪಿನಲ್ಲಿ ಸರಕಾರಿ ದವಾಖಾನೆಗೆ ಕಳಿಸಿ ಕೈಗೆ ಪಟ್ಟಿ ಹಾಕಿಸಿದರು. ಅದಾದ ಮೇಲೆ ಎದುರಿಗೆ ಕೂರಿಸಿಕೊಂಡು, ಯಾವಾಗ, ಯಾತರಿಂದ, ಯಾರ ಎದುರಿಗೆ ಎಂದು ಒಂದೊಂದೇ ಕೇಳಿ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿ, "ಹಿಂಗ ಐತೇನ್ರಿ, ಹೆಚ್ಚು ಕಮ್ಮಿ ಆಗೇತೇನು?" ಎಂದರು. ತನ್ನ ಬಾಯಿಂದ ಬಂದ ಮಾತನ್ನು ಯಾರಾದರೂ ತಿರುಗಿ ಓದಿ, ಸರಿಯೋ ತಪ್ಪೋ ಎಂದು ಕೇಳಿದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ಅಲ್ಲಿಂದ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ. ಫೀ ಇಲ್ಲದೆ ಕೇಸು ನಡೆಸಲು ವಕೀಲೆ ಸುಚೇತಾ ಅವರನ್ನು ಕೊಟ್ಟರು. ಸಣ್ಣ ವಯಸ್ಸು, ಸೀರೆಯ ಮೇಲೆ ಕರಿ ಕೋಟು.

"ನಿಮಗ ಏನ ಬೇಕು ಹೇಳ್ರಿ" ಎಂದರು ಸುಚೇತಾ.

"ನನ್ನ ಎಮ್ಮಿ ಬೇಕ್ರಿ."

ಭಾಗೀರಥಿಬಾಯಿ ನಕ್ಕುಬಿಟ್ಟರು. ಸುಚೇತಾ ನಗಲಿಲ್ಲ. "ಬರಕೊಂಡೆ. ಮತ್ತ?"

"ಮನಿ ಬೇಕ್ರಿ. ಅದ ಮನಿ. ಹೊಡತ ಬ್ಯಾಡ್ರಿ."

"ಅಷ್ಟ ಸಾಕು. ಅದನ್ನ ಕೇಳೂಣು. ಜೀವಕ್ಕ ಭಯ ಐತಿ ಅಂತ ಪ್ರಮಾಣ ಮಾಡಿ ಬರದು ಕೊಟ್ರ, ಗಂಡ ಬಂದು ಜವಾಬು ಕೊಡೂ ಮಟ ಕಾಯದಽನ ಸಾಹೇಬ್ರು ಮಧ್ಯಂತರ ಹುಕುಂ ಕೊಡಬಹುದು. ಆಮ್ಯಾಲ ಅವರ ಮಾತೂ ಕೇಳತಾರ. ನಾಳೆ ಮುಂಜಾನೆ ಬರ್ರಿ."

ಅಂದು ಉಳಿದದ್ದು ಭಾಗೀರಥಿಬಾಯಿಯ ತಮ್ಮನ ಮನೆಯಲ್ಲಿ. ಮರುದಿನ ಕೋರ್ಟು ಕೂಡುವ ಮೊದಲೇ ಇಬ್ಬರೂ ಅಂಗಳದ ಬೇವಿನ ಮರದ ಕೆಳಗೆ ಕುಳಿತರು. ಸುಚೇತಾ ಅರ್ಜಿ, ಪ್ರಮಾಣಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಕರೆದಾಗ ಬನ್ನಿ ಎಂದು ಹೇಳಿ ಒಳಗೆ ಹೋದರು.

ದೊಡವಾಡದಿಂದ ಬೈಲಹೊಂಗಲಕ್ಕೆ ಬಸ್ಸಿಗಿಂತ ಸುದ್ದಿ ಬೇಗ ಬರುತ್ತದೆ. ಗೇಟಿನ ಹೊರಗೆ ಒಂದು ಟಂಟಂ ನಿಂತಿತು. ಮೊದಲು ಹಣಮಂತಪ್ಪನ ತಲೆಯ ಪಟಗಾ ಇಳಿಯಿತು, ಹಿಂದೆ ರಾಮವ್ವ ಇಳಿದಳು. ಅವಳ ಕೈಯಲ್ಲಿ ಬುಟ್ಟಿ. ಅದರೊಳಗೆ ಏನಿದೆಯೆಂದು ವಸ್ತ್ರ ತೆಗೆಯುವ ಮೊದಲೇ ನಾಗರತ್ನಾಳಿಗೆ ಗೊತ್ತಾಯಿತು.

"ಏನವಾ, ಮನೀ ಮಾತು ಕೋರ್ಟಿನ ಕಟ್ಟಿ ಏರಿತಲ್ಲ" ಎಂದ ಹಣಮಂತಪ್ಪ. "ನಾವೇನ ಸತ್ತಿದ್ವ್ಯಾ?"

ಭಾಗೀರಥಿಬಾಯಿ ಕನ್ನಡಕ ಏರಿಸಿದರು. "ಸತ್ತಿರಲಿಲ್ಲ ಹಣಮಂತಪ್ಪ, ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ರಿ. ಆಕಿ ಕೈ ಮುರದಾಗ ಕೇಳದ ಕಿವಿ, ಎಮ್ಮಿ ಒದರಿದ ಕೂಡ್ಲೇ ಕೇಳೇತಿ ಕಾಣಸ್ತದ. ಗೌರಿ ಹಾಲು ಬಿಟ್ಟದೇನು?"

ಹಣಮಂತಪ್ಪ ಮೋರೆ ಆ ಕಡೆ ತಿರುಗಿಸಿದ. ರಾಮವ್ವ ಸುಳ್ಳು ಹೇಳಲಾರದವಳು. "ಬಿಟ್ಟಿಲ್ರಿ ಬಾಯಾರ. ನಿನ್ನೆಯಿಂದ ಮೇವೂ ಮುಟ್ಟಿಲ್ಲ. ಪರಪ್ಪನ ಮೊಣಕಾಲಿಗೆ ಝಾಡಿಸಿ ಒದ್ದದ."

"ಶಾಣ್ಯಾ ಎಮ್ಮಿ" ಎಂದರು ಭಾಗೀರಥಿಬಾಯಿ.

ರಾಮವ್ವ ಸೊಸೆಯ ಎದುರಿಗೆ ಬಂದು ನಿಂತಳು. ಪಟ್ಟಿ ಕಟ್ಟಿದ ಕೈ ನೋಡಿದಳು. ಬುಟ್ಟಿಯ ಮೇಲಿನ ವಸ್ತ್ರ ತೆಗೆದಳು. "ಸೆರಗ ಒಡ್ಡವಾ" ಎಂದಳು.

ಒಡ್ಡಬಾರದೆಂದು ನಾಗರತ್ನಾಳಿಗೆ ಗೊತ್ತಿತ್ತು. ಬುದ್ಧಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಸರಿಯಿದ್ದ ಒಂದೇ ಕೈ ತಾನಾಗಿ ಸೆರಗು ಹಿಡಿಯಿತು. ಅಕ್ಕಿ ಬಿತ್ತು, ಕಾಯಿ ಬಿತ್ತು, ಅರಿಷಿಣದ ಕೊಂಬು ಬಿತ್ತು, ಹಸಿರು ಖಣ ಬಿತ್ತು. ಅಂಗಳದಲ್ಲಿದ್ದ ಕಕ್ಷಿಗಾರರು, ಟೈಪು ಮಾಡುವವರು, ಚಹದಂಗಡಿಯವನು ಎಲ್ಲರೂ ನೋಡುತ್ತ ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಾಗ ಅದರ ಭಾರಕ್ಕೆ ಅವಳ ನಡುವೇ ಕುಸಿದಂತಾಯಿತು. ಎಲ್ಲ ಮುಗಿಯಿತು, ಬಾಯಾರು ಪಟ್ಟ ಪಾಡೆಲ್ಲ ನೀರಲ್ಲಿ ಹೋಯಿತು ಎಂದುಕೊಂಡಳು.

"ಆತಲ್ಲ, ನಡಿ ಇನ್ನ, ಗಾಡಿ ನಿಂತೈತಿ" ಎಂದ ಹಣಮಂತಪ್ಪ.

ಅದೇ ಹೊತ್ತಿಗೆ ಕೋರ್ಟಿನ ಜವಾನ ಅವಳ ಹೆಸರು ಹಿಡಿದು ಕೂಗಿದ. ಸುಚೇತಾ ಬಾಗಿಲಿಗೆ ಬಂದರು. ಅವಳ ತುಂಬಿದ ಉಡಿಯನ್ನೂ ಎದುರಿನ ಇಬ್ಬರು ಹಿರಿಯರನ್ನೂ ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಸಿಟ್ಟು ಮಾಡಲಿಲ್ಲ. "ನಾಗರತ್ನಾ, ಹೋಗಬೇಕು ಅಂದ್ರ ಯಾರೂ ನಿಮ್ಮನ್ನ ಹಿಡಿಯೂದಿಲ್ಲ. ಖರೆ ಆ ಮಾತು ಸಾಹೇಬ್ರ ಮುಂದ ನೀವ ಬಂದು ಹೇಳ್ರಿ. ಬ್ಯಾರೇದವರು ನಿಮ್ಮ ಪರವಾಗಿ ಹೇಳೂದು ಬ್ಯಾಡ."

ಉಡಿ ಹಿಡಿದುಕೊಂಡೇ ಒಳಗೆ ಹೋದಳು. ಮೇಲೆ ಕುಳಿತ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು. ಅರ್ಜಿಯಿಂದ ಕಣ್ಣೆತ್ತಿ, "ಮಡಿಲಲ್ಲಿ ಏನಮ್ಮಾ ಅದು?" ಎಂದರು.

"ಉಡಿ ತುಂಬ್ಯಾಳ್ರಿ ನಮ್ಮತ್ತಿ. ಮನೀಗೆ ಬಾ ಅಂತ. ಉಡಿ ತುಂಬಿ ಕರದ್ರ ಒಲ್ಲೆ ಅನ್ನಾಕ ಬರೂದಿಲ್ರಿ ಸಾಹೇಬ್ರ."

"ಹಾಗಾದರೆ ಅರ್ಜಿ ವಾಪಸ್ ತಗೊಳ್ತೀರಾ? ಯಾರಾದರೂ ಹೆದರಿಸಿದ್ದಾರಾ?"

ನಾಗರತ್ನಾ ಉಡಿಯ ಕಡೆ ನೋಡಿದಳು. ಕಾಯಿಯ ಭಾರ ಹೊಟ್ಟೆಗೆ ಒತ್ತುತ್ತಿತ್ತು. ಈ ಉಡಿ ಹೇಳುವುದಾದರೂ ಏನು ಎಂದು ಅವಳು ಮೊದಲ ಸಲ ವಿಚಾರ ಮಾಡಿದಳು. ಮನೆಗೆ ಬಾ ಎನ್ನುತ್ತದೆ. ತಾನು ನಿನ್ನೆ ಸುಚೇತಾ ಅವರನ್ನು ಕೇಳಿದ್ದೂ ಮನೆಯನ್ನೇ ಅಲ್ಲವೇ?

"ಇಲ್ರಿ" ಎಂದಳು. "ಅರ್ಜಿ ಹಿಂದ ತಗೊಳ್ಳೂದಿಲ್ರಿ. ಮನೀಗೆ ಹೋಗತೇನ್ರಿ. ಅತ್ತಿ ಉಡಿ ತುಂಬಿದ್ದು ಮನೀಗೆ ಬಾ ಅಂತ, ಹೊಡತ ತಿನ್ನಾಕ ಬಾ ಅಂತಲ್ರಿ. ಆ ಮನ್ಯಾಗ ಕಾಲಿಡಾಕ ನನಗ ನಿಮ್ಮ ಹುಕುಂ ಬೇಕ್ರಿ."

ಮ್ಯಾಜಿಸ್ಟ್ರೇಟರು ದವಾಖಾನೆಯ ಚೀಟಿ ನೋಡಿದರು, ಶೈಲಶ್ರೀ ಅವರ ವರದಿ ಓದಿದರು, ಪ್ರಮಾಣಪತ್ರದಲ್ಲಿ ಇರುವುದೆಲ್ಲ ನಿಜವೇ ಎಂದು ಅವಳನ್ನೇ ಕೇಳಿದರು. ಸುಚೇತಾ ನಾಲ್ಕು ಮಾತು ಹೇಳಿದರು. ಆಮೇಲೆ ಸಾಹೇಬರು ಹುಕುಂ ಬರೆಸಿದರು. ಪರಪ್ಪ ಹೆಂಡತಿಯ ಮೈಮುಟ್ಟಿ ಹೊಡೆಯಬಾರದು, ಹೆದರಿಸಬಾರದು, ಅವಳನ್ನು ಮನೆಯಿಂದ ಹೊರಗೆ ಹಾಕಬಾರದು. ಅವಳ ತವರಿನ ಎಮ್ಮೆಯನ್ನಾಗಲಿ ಸಾಮಾನನ್ನಾಗಲಿ ಮಾರಬಾರದು. ಕೋರ್ಟಿಗೆ ಬಂದು ತನ್ನ ಮಾತು ಹೇಳುವ ದಿನದವರೆಗೆ ಆ ಮನೆಯೊಳಗೆ ಕಾಲಿಡದೆ ಹೊಲದ ಮನೆಯಲ್ಲಿ ಇರಬೇಕು. "ಇದನ್ನು ಮೀರಿದರೆ ಅದು ಅಪರಾಧ, ಜೈಲೂ ಆಗಬಹುದು. ಒಂದು ಪ್ರತಿ ನಿಮಗೆ, ಒಂದು ಪೊಲೀಸ್ ಠಾಣೆಗೆ. ತೊಂದರೆಯಾದರೆ ನೇರ ಠಾಣೆಗೆ ಹೋಗಿ" ಎಂದು ಸಾಹೇಬರು ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನಾಗರತ್ನಾ ಒಂದೇ ಕೈ ಎದೆಗೆ ಹಿಡಿದು ನಮಸ್ಕಾರ ಮಾಡಿದಳು.

ಸಂಜೆಯ ಬಿಸಿಲಿಗೆ ಜೀಪು ದೊಡವಾಡ ಸೇರಿತು. ಶೈಲಶ್ರೀ ಮುಂದೆ, ಒಬ್ಬ ಮಹಿಳಾ ಪೊಲೀಸು ಹಿಂದೆ, ನಡುವೆ ಉಡಿ ಕಟ್ಟಿದ ನಾಗರತ್ನಾ. ಟಂಟಂ ಅವರಿಗಿಂತ ಮೊದಲೇ ಬಂದಿತ್ತು. ಪರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಶೈಲಶ್ರೀ ನೋಟಿಸು ಕೈಗೆ ಕೊಟ್ಟು ಹುಕುಂ ಓದಿ ಹೇಳಿದರು. ಅವನ ಕಣ್ಣು ಕೆಂಪಾಯಿತು.

"ಇಕಿನ್ನ ಯಾರ ಕರದಿದ್ರು ಈ ಮನೀಗೆ?"

ಹಣಮಂತಪ್ಪ ಕೆಮ್ಮಿದ. ಒಳಗಿನಿಂದ ರಾಮವ್ವ ಬಂದಳು, ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದರಲ್ಲಿ ರೊಟ್ಟಿಯ ತುಂಡು.

"ನಾ ಕರದೇನಿ. ಕೋರ್ಟಿನ ಅಂಗಳದಾಗ ಮಂದಿ ಮುಂದ ಉಡಿ ತುಂಬಿ ಕರದೇನಿ. ಇಷ್ಟ ದಿನ ಉಡಿ ತುಂಬಿ ತಂದು ನಿನ್ನ ಕೈಗೆ ಕೊಟ್ಟೆ, ನೀ ನನ್ನ ಅಕ್ಕಿಗೆ ಕಿಮ್ಮತ್ತು ಇಡಲಿಲ್ಲ. ಸರದು ನಿಂದರ ಪರಪ್ಪ, ದಾರಿ ಬಿಡು. ಇನ್ನ ಆಕಿ ಮ್ಯಾಲ ಕೈ ಎತ್ತಿದ್ರ ನನ್ನ ಉಡಿ ಒದ್ದಂಗ."

ಪೊಲೀಸಿನವಳನ್ನು ನೋಡಿ ಬಾಗದ ಪರಪ್ಪನ ತಲೆ ಅವ್ವನ ಮಾತಿಗೆ ಬಾಗಿತು. ಹಾಸಿಗೆಯ ಸುರುಳಿ ಹೆಗಲಿಗೇರಿಸಿ ಹೊಲದ ಕಡೆ ನಡೆದ. ರಾಮವ್ವ ದೃಷ್ಟಿ ತಾಗದಿರಲೆಂದು ಸೊಸೆಗೆ ರೊಟ್ಟಿ ನೀರು ಇಳಿಸಿ ಚೆಲ್ಲಿ, ಬಲಗೈ ಹಿಡಿದು ಒಳಗೆ ಕರೆದುಕೊಂಡಳು. ನಾಗರತ್ನಾ ಉಡಿಯನ್ನು ದೇವರ ಮುಂದೆ ಇಳಿಸಿ ನೆಟ್ಟಗೆ ಹಿತ್ತಲಿಗೆ ಹೋದಳು. ಒಂದೇ ಕೈಯಿಂದ ಹಾಲು ಕರೆಯಲು ಬರಲಿಲ್ಲ. ಅವಳು ಗೌರಿಯ ಕುತ್ತಿಗೆಗೆ ಕೆನ್ನೆಯಿಟ್ಟು ಬೈಯುತ್ತ ನಿಂತಳು, ರಾಮವ್ವ ಕೆಳಗೆ ಕುಳಿತು ಕರೆದಳು. ಗೌರಿ ಒದೆಯಲಿಲ್ಲ.

ಆಮೇಲೆ ಪರಪ್ಪ ಕೋರ್ಟಿಗೆ ಬಂದ, ತನ್ನ ಮಾತು ಹೇಳಿದ. ಹುಕುಂ ಮುಂದುವರಿಯಿತು. ಈಗಲೂ ಅವನು ಹೊಲದ ಮನೆಯಲ್ಲೇ ಇದ್ದಾನೆ. ಊಟದ ಬುತ್ತಿ ರಾಮವ್ವ ಒಯ್ಯುತ್ತಾಳೆ. ಮುಂದೇನು ಎಂದು ಯಾರಾದರೂ ಕೇಳಿದರೆ ನಾಗರತ್ನಾ, "ಕೈ ಕೂಡೇತಿ, ನಿದ್ದಿ ಬರತೈತಿ. ಉಳದದ್ದು ನಿಧಾನಕ್ಕ ನೋಡೂಣು" ಎನ್ನುತ್ತಾಳೆ.

ಗೌರಿ ಮತ್ತೆ ಈದಾಗ ನಾಗರತ್ನಾ ಗಿಣ್ಣ ಕಾಸಿದಳು. ಮೊದಲ ಬಟ್ಟಲು ಭಾಗೀರಥಿಬಾಯಿಗೆ. ಉಳಿದದ್ದನ್ನು ಡಬ್ಬಿಗೆ ತುಂಬಿ, ಅಕ್ಕಿ, ಕಾಯಿ, ಖಣ ಬುಟ್ಟಿಯಲ್ಲಿಟ್ಟು ಬೈಲಹೊಂಗಲಕ್ಕೆ ಹೊರಟಳು. ಹೊಸ್ತಿಲಲ್ಲಿ ರಾಮವ್ವ ತಡೆದು ನಿಲ್ಲಿಸಿದಳು. "ತಡಿ, ನಂದೂ ಒಂದು ಬೊಗಸಿ ಅಕ್ಕಿ ಹಾಕತೇನಿ. ವಕೀಲ್ತಿಗೆ ಹೇಳು, ಮುದುಕಿ ಕೊಟ್ಟಾಳ ಅಂತ."

ಅದೇ ಬೇವಿನ ಮರದ ಕೆಳಗೆ ಸುಚೇತಾ ಸಿಕ್ಕರು. ಬುಟ್ಟಿ ನೋಡಿ ನಾಚಿಕೊಂಡರು. "ಇದೆಲ್ಲಾ ಯಾಕ್ರಿ? ನಾ ನನ್ನ ಕೆಲಸ ಮಾಡೇನಿ, ಅಷ್ಟ."

"ಉಡಿ ತುಂಬಾಕ ಬಂದೇನ್ರಿ. ಒಲ್ಲೆ ಅನ್ನಾಕ ಬರೂದಿಲ್ರಿ ವಕೀಲ್ರ" ಎಂದಳು ನಾಗರತ್ನಾ.

ಸುಚೇತಾ ಕರಿ ಕೋಟಿನ ಗುಂಡಿ ಬಿಚ್ಚಿ, ಒಳಗಿನಿಂದ ಸೆರಗು ತೆಗೆದು ಒಡ್ಡಿದರು. ಕೂಡಿದ ಎರಡೂ ಕೈಗಳಿಂದ ನಾಗರತ್ನಾ ಬೊಗಸೆ ತುಂಬ ಅಕ್ಕಿ ಹಾಕಿದಳು.