ಮೊದಲು ಮರ, ಆಮೇಲೆ ಮನೆ

ಒಂದೇ ಕೈಯಲ್ಲಿ ನಾಲ್ಕು ಕಾಫಿ ಲೋಟ ಹಿಡಿದು ಹಿಡಿದು ಅವರ ಬಲಗೈ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳ ನಡುವೆ ಪೆನ್ಸಿಲು ಕಂಡ ದಿನವೇ ನನಗೆ ಗುಮಾನಿ ಹುಟ್ಟಿತು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನಮ್ಮ ಬೀದಿಯ ಉಡುಪಿ ಹೋಟೆಲಿನಲ್ಲಿ ಅವರು ಸಪ್ಲೈಯರು. ಮಧ್ಯಾಹ್ನ ಮೂರಕ್ಕೆ ಬಿಡುವು ಸಿಕ್ಕರೆ ಯಾವುದಾದರೂ ಹಳೇ ಮನೆಯ ಎದುರು ನಿಂತು ಚಿತ್ರ ಬರೆಯುವರು. ಮೊದಲು ಮರ, ಆಮೇಲೆ ಮನೆ. ಕೇಳಿದರೆ, "ಮರದ ನೆರಳಿಗೇ ಅಲ್ವಾ ಮನೆ ಬಂದದ್ದು" ಎನ್ನುವರು.

ಬರೆಯಲಿ, ಬೇಡವೆಂದವರು ಯಾರು? ಆದರೆ ಅವರು ಬರೆದ ಮನೆ ಆರು ತಿಂಗಳು ಉಳಿಯುತ್ತಿರಲಿಲ್ಲ. ಮೂಲೆಮನೆ, ಟೀಚರ ಮನೆ, ಮಾವಿನಮರದ ಮನೆ, ಮೂರನ್ನೂ ಕೆಡವಿ ಫ್ಲ್ಯಾಟ್ ಎಬ್ಬಿಸಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಮೂರು ಮೂರು ಸಲ ಸರಿಹೋಗುತ್ತದೆಯೇ? "ಅವನು ಬಿಲ್ಡರ್ ಕಡೆಯೋನು ಕಣೇ. ಬೆಣ್ಣೆಯಂಥ ಮಾತಾಡ್ತಾನೆ ನೋಡು" ಎಂದರು ಅಮ್ಮ. ಮೈಸೂರು ಕಡೆಯ ಅಮ್ಮನಿಗೆ ಅವರ ಕರಾವಳಿಯ ನಯವೇ ದೊಡ್ಡ ಸಾಕ್ಷಿ.

ಒಂದು ಮಧ್ಯಾಹ್ನ ಅವರು ನಮ್ಮ ಗೇಟಿನ ಎದುರೇ ನಿಂತಿದ್ದರು. ಇಪ್ಪತ್ತೆರಡು ವರ್ಷದಿಂದ ನಾವು ಬಾಡಿಗೆಗಿದ್ದ, ನಾನು ಹುಟ್ಟಿ ಬೆಳೆದ ಮನೆ. ಹಾಳೆಯ ಮೇಲೆ ನಮ್ಮ ಅಂಗಳದ ಬೇವಿನಮರ ಆಗಲೇ ಮುಗಿದಿತ್ತು. ಪುಸ್ತಕ ಕಿತ್ತುಕೊಂಡೆ.

"ಯಾರಿಗೆ ಕೊಡೋಕೆ ಇದು?"

"ಯಾರಿಗೂ ಅಲ್ಲ ತಂಗಿ. ನಿಮ್ಮ ಓನರ್ ಮೊನ್ನೆ ಬಿಲ್ಡರನ್ನು ಕರ್ಕೊಂಡು ಕಾಫಿಗೆ ಬಂದಿದ್ರು. ನಮ್ಮ ಮೂಲೆ ಟೇಬಲಿನಲ್ಲೇ ಮನೆ ಕೆಡವುವ ಮಾತೆಲ್ಲ ಆಗುವುದು. ಲೋಟ ಇಡುವವನಿಗೆ ಕಿವಿ ಇಲ್ಲ ಅಂತ ತಿಳ್ಕೊಂಡಿದ್ದಾರೆ."

"ಹಾಗಿದ್ರೆ ನಮಗೆ ಮೊದಲೇ ಹೇಳ್ಬೇಕಿತ್ತು."

"ಹೇಳಿದ್ರೆ ನೀವು ನಂಬ್ತಿದ್ರಾ?"

ನಂಬಲಿಲ್ಲ. ಆ ಹಾಳೆ ಹರಿದು ಚರಂಡಿಗೆ ಎಸೆದೆ. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದರು. ವಾರದೊಳಗೆ ಓನರ್ ಬಂದು ಮನೆ ಖಾಲಿ ಮಾಡಿ ಎಂದರು.

ಸಾಮಾನು ಸಾಗಿಸುವ ದಿನ ಫ್ಲಾಸ್ಕ್ ಹಿಡಿದು ಹೋಟೆಲಿಗೆ ಹೋದೆ. ಮುಖ ತಪ್ಪಿಸಿ ನಿಂತಿದ್ದವಳ ಕೈಗೆ ಅವರೇ ಒಂದು ಹಾಳೆ ಕೊಟ್ಟರು. ಅದೇ ಬೇವಿನಮರ, ನೆನಪಿನಿಂದ ಮತ್ತೆ ಬರೆದದ್ದು. ಬಟ್ಟೆಯ ಹಗ್ಗಕ್ಕೆಂದು ಅಮ್ಮ ಹೊಡೆದ ಮೊಳೆಯೂ ಇತ್ತು. ಮರದ ಹಿಂದೆ ಮನೆಯಿರಬೇಕಾದ ಜಾಗ ಮಾತ್ರ ಖಾಲಿ.

"ಮರ ನನಗೆ ಗೊತ್ತುಂಟು. ಮನೆ ಗೊತ್ತಿರುವುದು ನಿಮಗೆ. ನೀವೇ ಬರೀರಿ."

ಬರೆದೆ. ಅದು ನಾನು ಬರೆದ ಮೊದಲ ಮನೆ. ಇಂದು ಮನೆ, ಮರ ಬರೆಯುವುದೇ ನನ್ನ ಕಸುಬು. ಅವರು ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ತಪ್ಪಾಯಿತು ಎಂದು ಒಮ್ಮೆಯೂ ಹೇಳಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ. ಅಮ್ಮನಂತೂ ಈಗಲೂ, "ಬಿಲ್ಡರನ್ನ ಓನರಿಗೆ ತೋರಿಸಿದ್ದೇ ಅವನಿರಬೇಕು" ಎನ್ನುತ್ತಾರೆ.

ಮೊನ್ನೆ ಬೆಸೆಂಟ್ ನಗರದಲ್ಲಿ ಒಂದು ಹಳೇ ಮನೆಯ ಎದುರು ಪುಸ್ತಕ ಬಿಚ್ಚಿ ನಿಂತಿದ್ದೆ. ಮಹಡಿಯಿಂದ ಹೆಂಗಸೊಬ್ಬಳು ತಮಿಳಿನಲ್ಲಿ ಗದರಿದಳು. ಯಾರು ನೀನು, ಯಾರಿಗಾಗಿ ಬರೆಯುತ್ತಿದ್ದೀಯ ಎಂದು. ನನಗೆ ಸಿಟ್ಟು ಬರಲಿಲ್ಲ. ಆಕೆ ಇಳಿದು ಬಂದು ಹಾಳೆ ಹರಿಯುವ ಮೊದಲು ಮರವನ್ನಾದರೂ ಮುಗಿಸೋಣವೆಂದು ಬೇಗ ಬೇಗ ಬರೆದೆ.