ಕಾಕುವಿನ ಸೆರಗು

ಕಾಕುವಿನ ಸೆರಗಿನ ತುದಿ ಯಾವತ್ತೂ ಮುದುಡಿಕೊಂಡೇ ಇರುತ್ತಿತ್ತು. ಎಷ್ಟು ಇಸ್ತ್ರಿ ಮಾಡಿದರೂ ಆ ಮೂಲೆಯ ಸುಕ್ಕು ಹೋಗುತ್ತಿರಲಿಲ್ಲ. ಗದ್ದಲದ ಜಾಗಕ್ಕೆ ಹೊರಟರೆ ಸಾಕು, ಜೊತೆಗಿದ್ದ ಸಣ್ಣ ಕೂಸಿನ ನಡುವಿಗೆ ಆ ತುದಿ ಸುತ್ತಿ ಗಂಟು ಬಿಗಿಯುವಳು. "ಕೈ ಬೆವರ್ತದ, ಜಾರ್ತದ. ಗಂಟು ಜಾರಂಗಿಲ್ಲ," ಎನ್ನುತ್ತಿದ್ದಳು. ತವರೂರು ವಳಸಂಗದಲ್ಲಿ ಆಕೆಯ ಅವ್ವನೂ ಹಾಗೆಯೇ ಮಾಡುತ್ತಿದ್ದಳಂತೆ.

ಸೋಲಾಪುರದಲ್ಲಿ ನಮ್ಮ ಪಕ್ಕದ ಮನೆ ಅವರದು; ಚಾದರದ ಅಂಗಡಿಯವರು. ನಮಗೆ ಬಳಗವೇನಲ್ಲ, ಆದರೂ ಓಣಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ತಲೆಯ ಮೇಲಿನ ಸೆರಗು ಒಂದು ದಿನವೂ ಕೆಳಗಿಳಿದದ್ದು ನಾನು ಕಾಣೆ. ಬಾಗಿಲಿಗೆ ಹಾಲಿನವನು ಬಂದರೂ ಮುಟ್ಟಿ ಮುಟ್ಟಿ ನೋಡಿಕೊಳ್ಳುವಳು. ನಾನೋ ಮೊದಲೇ ಸಿಡುಕಿ. "ಬಿಡ್ರಿ ಕಾಕು, ಅಂವಗ ಹಾಲು ಅಳಿಯಾಕ ಪುರಸೊತ್ತಿಲ್ಲ, ನಿಮ್ಮ ತಲಿ ಎಲ್ಲಿ ನೋಡ್ತಾನ?" ಎಂದು ಕಾಡುತ್ತಿದ್ದೆ. "ಸುಮ್ಮ ಕುಂಡ್ರ, ಬಾಯಿಬಡಕಿ," ಎಂದು ನಗುತ್ತಿದ್ದಳು.

ನನ್ನ ಮಗಳಿಗೆ ನಾಲ್ಕು ತುಂಬಿದ ವರ್ಷ, ಕಾಕುವಿನ ಜೊತೆ ಅಕ್ಕಲಕೋಟದ ಗುಡಿಯಲ್ಲಿ ದರ್ಶನ ಮುಗಿಸಿ ಬರುವಾಗ ಹೊಸ ಆಟದ ಪಾರ್ಕಿಗೆ ಹೋದೆವು. ಭಾನುವಾರದ ಗರ್ದಿ. ಮಕ್ಕಳ ರೈಲಿಗೆ ಉದ್ದನೆಯ ಸಾಲು. ಗಂಟು ಎಂದಿನಂತೆ ಮಗಳ ನಡುವಿಗಿತ್ತು. ಹಿಂದಿನಿಂದ ಕಾಲೇಜು ಹುಡುಗರ ಗುಂಪೊಂದು ಕಂಬಿ ಹಾರಿ ನುಗ್ಗಿತು.

"ನೂಕಬ್ಯಾಡ್ರೋ ತಮ್ಮಾ, ಕೂಸದ. ಎಲ್ಲಾರೂ ಪಾಳಿ ಹಚ್ಚೇವಿ," ಎಂದಳು ಕಾಕು.

"ಅಹೋ ಆಜಿ, ಚಲಾ ಪುಢೇ!" ಅಜ್ಜಿ, ಮುಂದೆ ನಡೀರಿ ಎಂದು ಮರಾಠಿಯಲ್ಲಿ ನಕ್ಕು ಇನ್ನಷ್ಟು ನೂಕಿದರು.

ಗೇಟು ತೆರೆದದ್ದೇ ತಡ, ಎಲ್ಲರೂ ಮೈಮೇಲೆ ಬಿದ್ದರು. ಮಗಳನ್ನು ಅವಚಿಕೊಂಡು ನಾನು ಡಬ್ಬಿಯೊಳಗೆ ಹೋಗಿ ಬಿದ್ದೆ. ಕಾಕು ಹೊರಗೇ ಉಳಿದಳು. ಸೀಟಿ ಕೂಗಿತು, ರೈಲು ಹೊರಟಿತು.

ಸೆರಗು ಹಗ್ಗದ ಹಾಗೆ ಬಿಗಿಯಿತು. "ಅವ್ವಾ, ಹೊಟ್ಟಿ!" ಎಂದು ಮಗಳು ಚೀರಿದಳು. ಅಯ್ಯೋ ದೇವರೇ, ಅದು ಕಾಕುವಿನ ಗಂಟು, ನನ್ನ ಬೆರಳಿಗೆ ಬಗ್ಗಲೇ ಇಲ್ಲ. "ಥಾಂಬಾ! ನಿಲ್ಲಸ್ರೋ!" ಎಂದು ಕಿರುಚಿದೆ. ಹಾಡಿನ ಅಬ್ಬರದಲ್ಲಿ ರೈಲು ನಡೆಸುವವನಿಗೆ ಏನೂ ಕೇಳಿಸಲಿಲ್ಲ. ಕಾಕು ಪಕ್ಕದಲ್ಲೇ ಓಡಿ ಬರುತ್ತಿದ್ದಳು. ಮುಂದೆ ಕಬ್ಬಿಣದ ಬೇಲಿ. ಅಲ್ಲಿಂದಾಚೆ ಓಡಲು ಜಾಗವಿರಲಿಲ್ಲ.

ಆಕೆ ನಡುವಿನ ನಿರಿಗೆಯನ್ನು ಕಿತ್ತು, ಗಿರ್ರನೆ ತಿರುಗಿ, ಇಡೀ ಸೀರೆಯನ್ನೇ ಬಿಟ್ಟುಬಿಟ್ಟಳು. ಅದು ಗಾಲಿಗೆ ಸಿಗದಂತೆ ನಾನು ಬಾಚಿ ಬಾಚಿ ಒಳಗೆಳೆದುಕೊಂಡೆ. ಮಗಳು ಉಸಿರೆಳೆದು ಅತ್ತಳು.

ತಿರುಗಿ ನೋಡಿದೆ. ಅಷ್ಟು ಜನರ ನಡುವೆ ಬರೀ ಲಂಗ, ಕುಪ್ಪಸದಲ್ಲಿ, ಎದೆಗೆ ಕೈಕಟ್ಟಿಕೊಂಡು ಕಾಕು ನಿಂತಿದ್ದಳು. ಸುತ್ತಲೂ ಫೋನುಗಳು ಎದ್ದಿದ್ದವು. ನೂಕಿದವರೇ ಚಿತ್ರ ತೆಗೆಯುತ್ತಿದ್ದರು! ಮನುಷ್ಯರು ಹೀಗೂ ಇರುತ್ತಾರೆಯೇ? ಇವತ್ತಿಗೂ ನನಗೆ ನಂಬಿಕೆಯಾಗುವುದಿಲ್ಲ. ಬುರ್ಖಾ ಹಾಕಿದ ಹೆಂಗಸೊಬ್ಬಳು "ಶರಮ್ ನಹೀ ಆತೀ?" ಎಂದು ಆ ನಾಚಿಕೆಗೇಡಿಗಳನ್ನೆಲ್ಲ ಬೈಯುತ್ತ ಬಂದು ತನ್ನ ಓಢಣಿ ಹೊದಿಸಿದಳು. ನಾನು ಇಳಿದು ಓಡಿ ಬಂದಾಗ ಕಾಕು ಸೀರೆ ಕೇಳಲಿಲ್ಲ. "ಕೂಸಿನ ಹೊಟ್ಟಿ ನೋಡ ಮೊದಲ," ಎಂದಳು.

ಮರಳುವ ಬಸ್ಸಿನಲ್ಲಿ ಕಾಕು ಕೂಸಿನ ಹೊಟ್ಟೆಯ ಮೇಲಿನ ಬರೆ ಸವರುತ್ತ ಕೂತಳು. ಆಮೇಲೆ, "ಗಂಟು ಹಾಕಿದ್ದ ತಪ್ಪಾತು," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ನೂಕಿದವರದು ತಪ್ಪಲ್ಲೇನ್ರಿ?" ಎಂದೆ. ಅಂದಿನಿಂದ ಕಾಕು ಮಕ್ಕಳ ಮುಂಗೈಯನ್ನಷ್ಟೇ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಗಂಟಿಲ್ಲದ ಸೆರಗು ನಯವಾಯಿತು. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹೋದ ಶ್ರಾವಣದಲ್ಲಿ ಕಾಕು ತೀರಿಕೊಂಡಳು. ಅವರ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ವಾಲಿ ಸೆರಗು ಭುಜಕ್ಕೆ ಜಾರಿತ್ತು. ಬರಲಾಗದ ಪುಣೆಯ ಬಳಗಕ್ಕೆ ತೋರಿಸಬೇಕೆಂದು ಯಾರೋ ಫೋನು ಎತ್ತಿದರು. ಎಂಟನೆಯ ತರಗತಿಯ ನನ್ನ ಮಗಳು ಎದ್ದು ಅಡ್ಡ ನಿಂತಳು.

"ಫೋನ್ ಕೆಳಗ ಇಡ್ರಿ. ಕಾಕುನ ಸೆರಗು ಇನ್ನಾ ಸರಿ ಮಾಡಿಲ್ಲ."