ನನ್ನ ಕಾರಿಗೆ ನನ್ನನ್ನು ಕೇಳದೆ ಹಾಕಿದ ಮಿದುಳು

ನನ್ನ ಕಾರಿನ ಕಂಪ್ಯೂಟರನ್ನು ನನ್ನನ್ನು ಕೇಳದೆ ಬದಲಿಸಲಾಗಿದೆ. ಬದಲಿಸಿದವನು ಕಳ್ಳನಲ್ಲ, ಅಪರಿಚಿತನಲ್ಲ. ನನ್ನ ಸ್ವಂತ ತಂಗಿಯ ಮಗ, ಮಸ್ಕಿಯ ಅಮರೇಶ. ಇಷ್ಟು ಸಾಲದೆಂಬಂತೆ, ಅದಕ್ಕಾಗಿ ನಾನು ಅವನಿಗೆ ಋಣಿಯಾಗಿರಬೇಕೆಂಬ ನಿರೀಕ್ಷೆಯೂ ಇದೆ.

ಕಾರಿಗೂ ಕಂಪ್ಯೂಟರೇ ಎಂದು ಹುಬ್ಬೇರಿಸುವವರಿಗಾಗಿ ಎರಡು ಮಾತು.

ಮುಂಬಯಿಯಲ್ಲಿರುವ ನನ್ನ ತಮ್ಮ ವಿದೇಶದಿಂದ ತರಿಸಿಕೊಂಡಿದ್ದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರನ್ನು, ಬೆನ್ನುನೋವು ಶುರುವಾದ ಮೇಲೆ ನನಗೆ ಒಪ್ಪಿಸಿದ. (ಸಿಂಧನೂರಿನ ರಸ್ತೆಗೆ ಸ್ಪೋರ್ಟ್ಸ್ ಕಾರೇ ಎಂದು ನಕ್ಕವರ ಹೆಸರುಗಳು ನನಗೆ ನೆನಪಿವೆ.) ಅದರ ಎಂಜಿನ್ನಿನ ಪಕ್ಕ ಊಟದ ಡಬ್ಬಿಯಷ್ಟು ದೊಡ್ಡ ಅಲ್ಯುಮಿನಿಯಂ ಪೆಟ್ಟಿಗೆಯೊಂದು ಇತ್ತು. ಎಷ್ಟು ಪೆಟ್ರೋಲು ಒಳಗೆ ಹೋಗಬೇಕು, ಯಾವ ಕ್ಷಣಕ್ಕೆ ಕಿಡಿ ಹಾರಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದುದು ಅದೇ.

ತಮ್ಮ ಎಂಜಿನಿಯರ್. ಬೆನ್ನು ಪೂರ್ತಿ ಕೈಕೊಡುವ ಮೊದಲು ಎರಡು ಬೇಸಿಗೆ ರಜೆಗಳನ್ನು ಇಲ್ಲೇ ಕಳೆದು, ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಓಡಿಸಿ ಓಡಿಸಿ, ನಮ್ಮ ಬಿಸಿಲಿಗೆ ಮತ್ತು ನಮ್ಮ ಬಂಕುಗಳ ಪೆಟ್ರೋಲಿಗೆ ತಕ್ಕಂತೆ ಆ ಪೆಟ್ಟಿಗೆಯನ್ನು ಹದಗೊಳಿಸಿದ್ದ. ಹೊರಡುವ ದಿನ ಹೇಳಿದ್ದ: “ಅಣ್ಣಾ, ಇದಕ್ಕಿಂತ ಹೊಸಾವು ಬರ್ತಾವು. ಆದ್ರ ಅವು ಚೊಲೊ ಪೆಟ್ರೋಲು ಕೇಳ್ತಾವು. ಚೊಲೊ ಪೆಟ್ರೋಲು ನಿಮ್ಮೂರಿಗೆ ಬಂದ ದಿನ ಬದಲಿ ಮಾಡು. ಅಲ್ಲೀತನಕ ಯಾರು ಏನಂದ್ರೂ ಕೈ ಹಚ್ಚಗೊಡಬ್ಯಾಡ.”

ಈ ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟೆ. ಡೈರಿಯನ್ನು ಅಮರೇಶನಿಗೂ ಓದಿ ಹೇಳಿದ್ದೆ. ಎರಡು ಸಲ.

ಆದರೆ ನಮ್ಮ ಜನಕ್ಕೆ ಈಗ ಹಳೆಯದೆಂದರೆ ಅಲರ್ಜಿ. ಚಕ್ರ ತಿರುಗಿಸುವ ಟೆಲಿಫೋನು ಚೆನ್ನಾಗಿಯೇ ಮಾತಾಡುತ್ತಿದ್ದರೂ ಬಟನ್ನಿನದು ಬೇಕು. ಬಟನ್ನಿನದು ಬಂದ ಮೇಲೆ ಮಾತಿನಲ್ಲೇನಾದರೂ ಸುಧಾರಣೆಯಾಯಿತೇ? ಯಂತ್ರವನ್ನು ಬದಲಿಸುವ ಕಾಲವನ್ನು ಆ ಯಂತ್ರ ಹೇಳಬೇಕು, ಇಲ್ಲವೇ ಅದನ್ನು ಬಳಸುವವನು ಹೇಳಬೇಕು. ಪಕ್ಕದಲ್ಲಿ ನಿಂತು ನೋಡುವವನಿಗೇಕೆ ಅವಸರ?

ಕಳೆದ ತಿಂಗಳು ನನ್ನ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಹದಿನೈದು ದಿನ ಕಾರು ಓಡಿಸಬಾರದೆಂದು ಡಾಕ್ಟರು ಮೊದಲೇ ತಾಕೀತು ಮಾಡಿದ್ದರು. ಮನೆಯ ಶೆಡ್ಡಿನ ತಗಡುಗಳನ್ನೂ ಆಗಲೇ ಕಿತ್ತಿದ್ದರು. ಹೀಗಾಗಿ ಆಪರೇಷನ್ನಿನ ಹಿಂದಿನ ದಿನವೇ ಕಾರನ್ನು ಅಮರೇಶನ ಹತ್ತಿ ಗೋದಾಮಿನಲ್ಲಿ ನಿಲ್ಲಿಸಿದೆ. ಮುಟ್ಟಬೇಡ ಎಂದಿದ್ದೆ. (ಇದೇ ಅಮರೇಶ ತನ್ನ ಮದುವೆಯಲ್ಲಿ ನನ್ನನ್ನು ಮೂರನೆಯ ಪಂಕ್ತಿಗೆ ಕೂರಿಸಿದವನು. ಅಂದೇ ನಾನು ಪಾಠ ಕಲಿಯಬೇಕಿತ್ತು.)

ಹದಿನೈದು ದಿನಗಳ ನಂತರ ಬಸ್ಸಿನಲ್ಲಿ ಮಸ್ಕಿಗೆ ಹೋದೆ. ಅಮರೇಶ ಬಾಗಿಲಲ್ಲೇ ಹಲ್ಲು ಬಿಡುತ್ತ ನಿಂತಿದ್ದ.

“ಮಾಮಾ, ಕಣ್ಣು ಮುಚ್ಚ್ರಿ. ನಿಮ್ಮ ಗಾಡಿಗೆ ಹೊಸ ಮಿದುಳು ಹಾಕ್ಸೀನಿ! ಹೈದರಾಬಾದಿಂದ ತರ್ಸಿದ್ದು. ಇನ್ನ ಹಾರತೈತಿ ನೋಡ್ರಿ.”

“ಹಳೆಯದು ಎಲ್ಲಿ?”

“ಅದು ಎಕ್ಸ್‌ಚೇಂಜಿಗೆ ಹೋತ್ರಿ. ಅದನ್ನ ಇಟಗೊಂಡು ಏನ್ ಮಾಡ್ತೀರಿ, ಪೂಜಿ ಮಾಡ್ತೀರೇನು?”

“ಯಾಕೆ ಬದಲಿಸಿದಿ?”

“ಸುಮ್ನ... ಹಳೇದಾಗಿತ್ತಲ್ರಿ.”

ನನ್ನ ತಂಗಿ ನೀಲಮ್ಮ ಒಳಗಿನಿಂದಲೇ ಮಗನ ವಕಾಲತ್ತು ಆರಂಭಿಸಿದಳು. “ಹುಡುಗ ಹೌಸಿಲೆ ಮಾಡ್ಸ್ಯಾನ. ಅದಕ್ಕೂ ಮಾರಿ ಗಂಟ ಹಾಕ್ತೀಯಲ್ಲೋ ಅಣ್ಣಾ! ನಿನ್ನ ಸಿಟ್ಟು ಮಾತ್ರ ಹಳೇ ಮಾಡೆಲ್ಲೇ ಉಳೀತು ನೋಡು.”

ಚಹಾ ಕುಡಿಯದೆ ಹೊರಟೆ. ಗೊರೇಬಾಳ ಸಮೀಪಿಸುವಷ್ಟರಲ್ಲಿ ಎಂಜಿನ್ನಿನೊಳಗಿಂದ ಟಕಟಕ ಸದ್ದು. ವೇಗ ಹೆಚ್ಚಿಸಿದರೆ ಸದ್ದೂ ಹೆಚ್ಚು. ಮನೆ ತಲುಪಿದವನೇ ಎಸ್‌ಟಿಡಿ ಬೂತಿಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ. ಪೆಟ್ಟಿಗೆ ಬದಲಾದದ್ದನ್ನು ಹೇಳಿ, ಸದ್ದನ್ನು ವರ್ಣಿಸಿದೆ. ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿದೆ, ನಿಮ್ಮ ಪೆಟ್ರೋಲು ಅದನ್ನು ತಾಳುವುದಿಲ್ಲ, ಹೀಗೇ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ ಎಂದ. ಹಳೆಯ ಪೆಟ್ಟಿಗೆಯನ್ನು ಹೇಗಾದರೂ ವಾಪಸು ತರಿಸು, ಆ ಹದವನ್ನು ಮತ್ತೆ ಕೂಡಿಸಲು ಈ ಬೆನ್ನಿಟ್ಟುಕೊಂಡು ನನ್ನಿಂದಾಗದು ಎಂದೂ ಹೇಳಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಲಿಂಗಸುಗೂರು ಸೇರಿದೆ. ಪೆಟ್ಟಿಗೆ ಬದಲಿಸಿದ್ದು ಅಲ್ಲಿನ ಆಟೊ ಎಲೆಕ್ಟ್ರಿಷಿಯನ್ ಖಾಜಾಸಾಬ ಎಂದು ನಾನು ಮಸ್ಕಿಯಿಂದ ಹೊರಡುವಾಗ ನೀಲಮ್ಮನೇ ಬಾಯಿಬಿಟ್ಟಿದ್ದಳು. ಖಾಜಾಸಾಬ ಸ್ಟೂಲು ಒರೆಸಿ ಕೂರಿಸಿದ. ನನ್ನ ದನಿ ಏರಿದ್ದನ್ನು ಸಹಿಸಿಕೊಂಡ. ಹೈದರಾಬಾದಿಗೆ ತಾನೇ ಫೋನು ಹಚ್ಚಿ ಉರ್ದುವಿನಲ್ಲಿ ವಿಚಾರಿಸಿದ. ಫೋನು ಇಟ್ಟು, ತಲೆ ಅಲ್ಲಾಡಿಸಿದ.

“ಮಾಫ್ ಮಾಡ್ರಿ ಸಾಹೇಬ್ರ. ಅವರು ಅದನ್ನ ಬಿಚ್ಚಿ ಸಾಮಾನು ತಕ್ಕೊಂಡಾರಂತ.”

ಎರಡು ಬೇಸಿಗೆಗಳ ಕೆಲಸ ಹೀಗೆ ಒಂದು ವಾಕ್ಯದಲ್ಲಿ ಮುಗಿಯಿತು.

“ಅದು ಕೆಟ್ಟಿತ್ತೇನು?” ಎಂದು ಕೇಳಿದೆ.

ಖಾಜಾಸಾಬ ಅತ್ತಿತ್ತ ನೋಡಿದ. “ಖರೇ ಹೇಳ್ಲೇನ್ರಿ? ಅಮಾಸಿ ದಿನ ನಿಮ್ಮ ಅಳಿಯ ಟ್ರ್ಯಾಕ್ಟರಿನ ಸಂಗಟ ನಿಮ್ಮ ಗಾಡಿನೂ ಪೂಜಿ ಮಾಡ್ಯಾನ್ರಿ. ಬಾನೆಟ್ ಎತ್ತಿ, ಪಂಪ್ ಬಿಟ್ಟು ತೊಳದು, ಎಂಜಿನ್ ಮ್ಯಾಲೇ ಕಾಯಿ ಒಡದಾನ. ಮರುದಿನ ಗಾಡಿ ಚಾಲೂ ಆಗ್ಲಿಲ್ಲ. ಎಳಕೊಂಡು ಇಲ್ಲಿಗೆ ತಂದ್ರು. ನೋಡ್ತೀನಿ, ಆ ಡಬ್ಬಿ ವೈರಿನ ಪ್ಲಗ್ಗಿನ ಒಳಗ ತೆಂಗಿನ ನೀರು ಅಂಟಗಟ್ಟೇತಿ, ಮ್ಯಾಲ ಕುಂಕುಮ ಬ್ಯಾರೆ. ಸ್ಪಿರಿಟ್ ಹಚ್ಚಿ ಒರಸಿದೆ. ಹಳೇ ಡಬ್ಬಿಲೇನ ಗಾಡಿ ಚಾಲೂ ಆತ್ರಿ!”

“ಮತ್ತೆ?”

“ನಾ ಬ್ಯಾಡಂದೆ. ‘ನಮ್ಮ ಮಾಮ ಬಾನೆಟ್ ಎತ್ತಿದ್ರ ನೀರು ಬಿದ್ದದ್ದು ಹಿಡೀತಾನ. ಹೊಸಾದು ಹಾಕ್ಸಿಬಿಟ್ರ ಆ ಖುಷಿಯೊಳಗ ಏನೂ ಕೇಳಂಗಿಲ್ಲ’ ಅಂದ್ರಿ ಅವ.”

ಪ್ರತಿ ಅಮಾವಾಸ್ಯೆಗೆ ವಾಹನಪೂಜೆ ಮಾಡುವುದು ನಮ್ಮ ಸೀಮೆಯ ರೂಢಿ. ನಾನೂ ಮಾಡುತ್ತೇನೆ. ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ವಿಭೂತಿ, ಕಾಯಿ ಒಡೆಯುವುದು ನೆಲದ ಮೇಲೆ. ಹಾಗಾಗಿ ಪೂಜೆಯ ಮೇಲೆ ನನಗೆ ದೂರಿಲ್ಲ. ಟ್ರ್ಯಾಕ್ಟರಿಗೆ ಸಲ್ಲುವ ನೀರು ಈ ಕಾರಿಗೆ ಸಲ್ಲದೆಂದು ಅವನಿಗೆ ತಿಳಿಯದಿದ್ದರೆ ಅದನ್ನೂ ಅಜ್ಞಾನವೆಂದು ಬಿಟ್ಟೇನು. ಆದರೆ ನೆಟ್ಟಗಿದ್ದ ಪೆಟ್ಟಿಗೆಯನ್ನು, ನೆಟ್ಟಗಿದೆಯೆಂದು ಕಣ್ಣಾರೆ ಕಂಡ ಮೇಲೂ ಕಿತ್ತು ಸಾಗಹಾಕಿದ್ದನ್ನು ಏನೆಂದು ಬಿಡಲಿ?

ಕಾರು ಈಗ ಹೊಸ ತಗಡಿನ ಕೆಳಗೆ ನಿಂತಿದೆ. ಓಡಿಸುವ ಧೈರ್ಯ ನನಗಿಲ್ಲ. ಹಳೆಯ ಪೆಟ್ಟಿಗೆ ಇನ್ನಿಲ್ಲವೆಂದು ತಮ್ಮನಿಗೆ ತಿಳಿಸುವ ಧೈರ್ಯವೂ ಇನ್ನೂ ಬಂದಿಲ್ಲ.

ಅಮರೇಶಪ್ಪ, ಈ ಅಂಕಣವನ್ನು ನೀನು ಓದುತ್ತೀಯೆಂದು ನನಗೆ ಗೊತ್ತು: “ಮಾಮಾ, ತಪ್ಪಾತು” ಎಂದು ಬಾಯಿಬಿಟ್ಟು ಹೇಳುವುದು, ಹೈದರಾಬಾದಿನಿಂದ ಹೊಸ ಮಿದುಳು ತರಿಸುವುದಕ್ಕಿಂತ ಅಷ್ಟೊಂದು ಕಷ್ಟವಿತ್ತೇನಪ್ಪ?